ಒಂದು ಗಾಡಿ ಕಲ್ಲು, ಒಂದು ಗುಂಡು

ನಮ್ಮ ಮನೆಯಲ್ಲಿ ಒಂದು ಗುಂಡು ಇದೆ. ಬಂದೂಕಿನ ಗುಂಡಲ್ಲ, ತಾಳಿಯ ಪಕ್ಕದಲ್ಲಿ ಪೋಣಿಸುವ ಗುಂಡು. ಕಡಲೆಕಾಳಿನಷ್ಟು ದಪ್ಪ, ಒಂದೂವರೆ ಗ್ರಾಂ ತೂಕ. ಅಜ್ಜಿ ಅದನ್ನು ತವರಿನಿಂದ ತಂದಿದ್ದಳು. ಅವ್ವ ಸೊಸೆಯಾಗಿ ಬಂದ ದಿನ ಅಜ್ಜಿ ತನ್ನ ಸರದಿಂದ ಅದನ್ನು ಬಿಚ್ಚಿ ಅವ್ವನ ಸರಕ್ಕೆ ಹಾಕಿದಳಂತೆ. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅದು ಅವ್ವನ ಅರಿಸಿನದ ಡಬ್ಬಿ ಸೇರಿತು. ಮನೆಯಲ್ಲಿ ಅದಕ್ಕೆ ‘ದೇವಾಲದ ಗುಂಡು’ ಎಂದೇ ಹೆಸರು.

ಆ ಹೆಸರಿನ ಹಿಂದೆ ಒಂದು ಕಥೆ. ಅಜ್ಜಿಯ ಅಜ್ಜನಿಗೆ ಒಂದು ಜೋಡಿ ಎತ್ತು, ಒಂದು ಗಾಡಿ ಇತ್ತು. ಮಳೆ ಇಲ್ಲದ ವರ್ಷ ಬಾಡಿಗೆ ಹೊಡೆಯುವುದೇ ಜೀವನ. ಒಮ್ಮೆ ಮೇಟ್ಟುಪಾಳ್ಯದಲ್ಲಿ ದೊರೆಗಳ ಚಿನ್ನದ ಕಂಪೆನಿಗೆ ಕಬ್ಬಿಣದ ಸಾಮಾನು ಹೊರುವ ಕೆಲಸ ಸಿಕ್ಕಿತು. ಬೆಟ್ಟ ಹತ್ತಿ, ಇನ್ನೊಂದು ಬದಿಗೆ ಇಳಿದು, ದೇವಾಲ ಎಂಬ ಊರಿಗೆ ಹಾಕಬೇಕು. ಹೋದವನು ಎಂಟು ತಿಂಗಳು ಬರಲಿಲ್ಲ. ಬಂದಾಗ ಗಾಡಿ ಇರಲಿಲ್ಲ. ಒಂದೇ ಎತ್ತನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದ. ಇನ್ನೊಂದು ಘಟ್ಟದಲ್ಲಿ ಕಾಲು ಮುರಿದುಕೊಂಡಿತ್ತು. ಕೊನೆಯ ಬಾಡಿಗೆ ಕೊಡುವ ಮೊದಲೇ ದೊರೆ ಊರು ಬಿಟ್ಟಿದ್ದ. ಅಜ್ಜ ಸೊಂಟದ ಗಂಟಿನಿಂದ ಈ ಗುಂಡನ್ನು ತೆಗೆದು ಹೆಂಡತಿಯ ಕೈಗಿಟ್ಟನಂತೆ. ಇಷ್ಟೇ ಕಥೆ. ನಮ್ಮ ಮನೆಯಲ್ಲಿ ಯಾರಾದರೂ ಆಸೆಗೆ ಬಿದ್ದು ದೊಡ್ಡ ಲೆಕ್ಕ ಹಾಕಿದರೆ, “ದೇವಾಲಕ್ಕೆ ಗಾಡಿ ಕಟ್ಟಿದ ನೋಡು” ಎಂದು ಅಜ್ಜಿ ನಗುತ್ತಿದ್ದಳು. ಬೇರೆ ಮನೆಗಳಲ್ಲಿ ಈ ಮಾತು ಇಲ್ಲವೆಂದು ನನಗೆ ಬಹಳ ದೊಡ್ಡವನಾಗುವವರೆಗೆ ಗೊತ್ತಿರಲಿಲ್ಲ.

ನಮ್ಮ ಊರು ಶರವಣಂಪಟ್ಟಿ. ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯ ಮೇಲೆ. ಅದೇ ರಸ್ತೆಯಲ್ಲಿ ಮುಂದೆ ಹೋಗಿ ದಿಂಬಂ ಘಟ್ಟ ಹತ್ತಿದರೆ ಚಾಮರಾಜನಗರ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಆ ಘಟ್ಟ ಇಳಿದು ಬಂದವರು. ಬರುವಾಗ ಮಾತನ್ನು ಕೆಳಗಿಳಿಸಿ ತಂದರು, ಅಕ್ಷರವನ್ನು ತರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಕನ್ನಡ ಓದಲು ಕಲಿತದ್ದು ಬಿ.ಎ. ಮುಗಿದ ಮೇಲೆ, ಚಾಮರಾಜನಗರದ ಸೋದರಮಾವನ ಮನೆಯಲ್ಲಿ, ಅವರ ಮಗನ ಒಂದನೇ ತರಗತಿಯ ಪುಸ್ತಕದಿಂದ. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಗಾಜಿನ ಕಟ್ಟಡಗಳು ಎದ್ದಿವೆ. ರಾತ್ರಿ ಪಾಳಿಯ ಹುಡುಗರು ಬೆಳಗಿನ ಜಾವ ಚಹಾ ಕುಡಿಯುವ ಅಂಗಡಿಯ ಜಾಗದಲ್ಲಿ ಅಜ್ಜಿಯ ಅಜ್ಜನ ಎತ್ತಿನ ಕೊಟ್ಟಿಗೆ ಇತ್ತೆಂದು ಅವ್ವ ತೋರಿಸುತ್ತಾಳೆ.

ಬರುವ ತೈ ತಿಂಗಳಲ್ಲಿ ನನ್ನ ಮಗಳ ಮದುವೆ. ಆ ಗುಂಡನ್ನು ಅವಳ ಸರಕ್ಕೆ ಹಾಕಬೇಕೆಂಬುದು ಅವ್ವನ ಆಸೆ. ಹುಡುಗನ ಕಡೆಯವರ ಮುಂದೆ ಒಡವೆಗಳ ಪಟ್ಟಿ ಮಾಡಬೇಕಲ್ಲ, ತೂಕ ನೋಡಿಕೊಂಡು ಬರುತ್ತೇನೆಂದು ನಾನು ಎಲ್ಲವನ್ನೂ ಒಂದು ದಿನ ಬ್ಯಾಂಕಿಗೆ ಒಯ್ದೆ.

ನಾನು ಬ್ಯಾಂಕಿನ ಗುಮಾಸ್ತ. ಹಲವು ವರ್ಷಗಳಿಂದ ಒಡವೆ ಸಾಲದ ಕೌಂಟರಿನಲ್ಲಿ ಕೂರುತ್ತೇನೆ. ಬೀಜಕ್ಕೆ, ಶಾಲೆಯ ಫೀಸಿಗೆ, ಆಸ್ಪತ್ರೆಗೆ ಎಂದು ಜನ ಕೊರಳಿನದನ್ನು ಬಿಚ್ಚಿ ಮೇಜಿನ ಮೇಲಿಡುತ್ತಾರೆ. ನಮ್ಮ ಅಪ್ರೈಸರು ಅದನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟು ನೋಡುತ್ತಾರೆ. ಗೆರೆ ನಿಂತರೆ ಚಿನ್ನ. ಆ ದಿನ ಊಟದ ಹೊತ್ತಿನಲ್ಲಿ ಅವರು ನಮ್ಮ ಮನೆಯ ಒಡವೆಗಳನ್ನೂ ಒಂದೊಂದಾಗಿ ನೋಡಿ ಕೊಟ್ಟರು. ಕೊನೆಗೆ ಉಳಿದದ್ದು ಈ ಗುಂಡು. ಕಲ್ಲಿಗೆ ಉಜ್ಜಿದರು, ಹನಿ ಬಿಟ್ಟರು. ಹಸಿರು ನೊರೆ ಎದ್ದು ಗೆರೆ ಮಾಯವಾಯಿತು. ಅವರು ಇನ್ನೊಮ್ಮೆ ಉಜ್ಜಿದರು. ಮತ್ತೆ ಅದೇ. “ಸಾರ್, ಇದು ಹಿತ್ತಾಳೆ” ಎಂದರು. ಅವರ ದನಿ ತಗ್ಗಿತ್ತು. ಈ ಮಾತನ್ನು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ ಮನುಷ್ಯ, ನನಗೆ ಹೇಳುವಾಗ ಕಲ್ಲನ್ನೇ ನೋಡುತ್ತಿದ್ದರು.

ಅವ್ವನಿಗೆ ನಾನು ಹೇಳಲಿಲ್ಲ. ಎಪ್ಪತ್ತೆಂಟು ವರ್ಷದ ಅವ್ವನಿಗೆ ಹೇಗೆ ಹೇಳುವುದು? ಗುಂಡನ್ನು ಡಬ್ಬಿಗೆ ವಾಪಸು ಹಾಕಿದೆ. ಆದರೆ ಅದು ನನ್ನ ತಲೆಯಿಂದ ಇಳಿಯಲಿಲ್ಲ. ಅಜ್ಜ ಸುಳ್ಳು ಹೇಳಿದನೆ? ಅಜ್ಜನಿಗೇ ಯಾರಾದರೂ ಮೋಸ ಮಾಡಿದರೆ? ಹೋಗಲಿ, ದೇವಾಲದಲ್ಲಿ ಚಿನ್ನ ನಿಜವಾಗಿ ಇತ್ತೆ? ಶನಿವಾರ, ಭಾನುವಾರ, ಸೋಮವಾರ ಸೇರಿ ರಜೆ ಬಂದಾಗ, ಗೂಡಲೂರಿನ ಶಾಖೆಯಲ್ಲಿ ಕೆಲಸವಿದೆ ಎಂದು ಅವ್ವನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ.

ಹೊರಡುವ ಮೊದಲು ಗ್ರಂಥಾಲಯದಲ್ಲಿ ಹಳೆಯ ಗೆಜೆಟಿಯರು ಮೊದಲಾದವನ್ನು ಓದಿಕೊಂಡಿದ್ದೆ. ಆದ್ದರಿಂದ ಬಸ್ಸು ಏರುತ್ತಿದ್ದ ದಾರಿ ನನಗೆ ಎರಡು ಕಾಲದಲ್ಲಿ ಕಾಣುತ್ತಿತ್ತು. ಮೇಟ್ಟುಪಾಳ್ಯಕ್ಕೆ ರೈಲು ಬಂದದ್ದು 1873ರಲ್ಲಿ. ಬೆಟ್ಟದ ಪುಟಾಣಿ ರೈಲು ಕೂನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ನಡುವಿನ ಈ ಇಪ್ಪತ್ತಾರು ವರ್ಷ, ರೈಲಿನಲ್ಲಿ ಬಂದ ಯಾವ ಸಾಮಾನೂ ಮೇಟ್ಟುಪಾಳ್ಯದಿಂದ ಮೇಲಕ್ಕೆ ಹೋಗಬೇಕಾದರೆ ಎತ್ತಿನ ಹೆಗಲೇ ಗತಿ. ನಮ್ಮ ಅಜ್ಜನ ಕಥೆ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ಊಟಿ ದಾಟಿ ಬೋಳು ಹುಲ್ಲುಬೆಟ್ಟಗಳ ನಡುವೆ ಬಸ್ಸು ಹೋಗುವಾಗ ಗಾಳಿ ಕಿಟಕಿಯಲ್ಲಿ ಕೊರೆಯುತ್ತಿತ್ತು. ನಡುವಟ್ಟದಿಂದ ಗೂಡಲೂರಿಗೆ ಘಟ್ಟ ಇಳಿಯುವಾಗ ಒಂದೊಂದು ತಿರುವಿನಲ್ಲೂ, ಎತ್ತು ಕಾಲು ಮುರಿದುಕೊಂಡದ್ದು ಇಲ್ಲಿಯೇ ಇರಬಹುದೆ ಎಂದು ನೋಡುತ್ತಿದ್ದೆ. ಹತ್ತುವುದಕ್ಕಿಂತ ಇಳಿಯುವುದೇ ಗಾಡಿಗೆ ಕಷ್ಟ; ಹಿಂದಿನ ಭಾರವೆಲ್ಲ ಎತ್ತಿನ ಕತ್ತಿನ ಮೇಲೆ ಬರುತ್ತದೆ.

ದೇವಾಲ ಗೂಡಲೂರಿನಿಂದ ಹೆಚ್ಚು ದೂರವಿಲ್ಲ. ನಾಡುಗಾಣಿ ದಾಟಿದರೆ ಸಿಗುತ್ತದೆ. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಅದೂ ಒಂದು. ಎದುರು ಪುಟದಲ್ಲಿ ಮಲಯಾಳಂ ಓದುವ ಮಿತ್ರರಿಗೆ ಈ ಸೀಮೆ ಹೊಸದಲ್ಲ. 1877ರವರೆಗೆ ಇದು ಮಲಬಾರ್ ಜಿಲ್ಲೆಯ ವಯನಾಡಿನ ಭಾಗವೇ ಆಗಿತ್ತು. ಆ ವರ್ಷ ನೀಲಗಿರಿಗೆ ಸೇರಿಸಿದರು. ನೆಲ ಬಹುಪಾಲು ನಿಲಂಬೂರು ಕೋವಿಲಕಂನ ಜನ್ಮಭೂಮಿ. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ ವಯನಾಡು ಕೇರಳಕ್ಕೆ ಹೋಯಿತು, ಗೂಡಲೂರು ಮದರಾಸಿನಲ್ಲಿ ಉಳಿಯಿತು. ನಮ್ಮ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಉಳಿದೆವು. ಕಾಸರಗೋಡಿನದು ಏನಾಯಿತೆಂದು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಯ ಹೊಳೆಗಳಲ್ಲಿ ಚಿನ್ನದ ಪುಡಿ ಇದೆಯೆಂಬುದು ದೊರೆಗಳು ಕಂಡುಹಿಡಿದ ಸಂಗತಿಯಲ್ಲ. ಪಣಿಯರು, ಕುರುಂಬರು ಮರದ ಮರಿಗೆಯಲ್ಲಿ ಹೊಳೆಯ ಮರಳನ್ನು ಆಡಿಸಿ, ತೇಲುವುದನ್ನು ಹೊರಗೆ ಚೆಲ್ಲಿ, ತಳದಲ್ಲಿ ನಿಂತದ್ದನ್ನು ತೆಗೆಯುತ್ತಿದ್ದರು. ಇಲ್ಲಿಂದ ಇಳಿದು ನಿಲಂಬೂರಿನಲ್ಲಿ ಹರಿಯುವ ಚಾಲಿಯಾರಿನಲ್ಲೂ ಅದೇ ಕೆಲಸ. ತೆಗೆದದ್ದರಲ್ಲಿ ಜನ್ಮಿಗೆ ಪಾಲು. 1831ರಲ್ಲಿ ಮಲಬಾರಿನ ಕಲೆಕ್ಟರು ಇದನ್ನು ಮದರಾಸಿಗೆ ಬರೆದರು. ನಿಕೋಲ್ಸನ್ ಎಂಬ ಲೆಫ್ಟಿನೆಂಟನ್ನು ಹುಡುಕಲು ಕಳಿಸಿದರು. ಜ್ವರದ ಕಾಡಿನಲ್ಲಿ ಹುಡುಕಾಟ ನಡೆದು, ಲಾಭವಿಲ್ಲವೆಂದು ಆಗ ಕೈಬಿಟ್ಟರು. ಮರಿಗೆಯವರು ಮಾತ್ರ ಬಿಡಲಿಲ್ಲ.

ಆಮೇಲೆ ಕಾಫಿ ಬಂತು. ಕಾಫಿಗೆ ಎಲೆರೋಗ, ಕಾಂಡಕೊರಕ ಬಂತು. ಸಾಲದಲ್ಲಿ ಮುಳುಗಿದ ತೋಟದ ದೊರೆಗಳಿಗೆ ಹೊಲದ ಬಿಳಿಯ ಬೆಣಚುಕಲ್ಲಿನಲ್ಲಿ ಚಿನ್ನ ಕಾಣಿಸಲು ಇದೇ ಸರಿಯಾದ ಸಮಯವಾಗಿತ್ತು. 1874ರಲ್ಲಿ ಆಲ್ಫಾ ಎಂಬ ಕಂಪೆನಿ ದೇವಾಲದಲ್ಲಿ ಅಗೆಯತೊಡಗಿತು. 1879ರಲ್ಲಿ ಸರಕಾರವು ಆಸ್ಟ್ರೇಲಿಯದ ಗಣಿ ಪರಿಣತ ಬ್ರೋ ಸ್ಮಿತ್ ಅವರನ್ನು ಕರೆಸಿತು. ಮರುವರ್ಷ ಅವರ ವರದಿ ಬಂತು. ಭರವಸೆಯ ವರದಿ. ಅದನ್ನು ಹಿಡಿದುಕೊಂಡು ಲಂಡನ್ನಿನಲ್ಲಿ ಪಾಲುಪತ್ರಗಳ ಜಾತ್ರೆ ನೆರೆಯಿತು. 1879ರ ಕೊನೆಯಿಂದ 1881ರ ಕೊನೆಯೊಳಗೆ ಭಾರತದ ಚಿನ್ನಕ್ಕಾಗಿ ಇಂಗ್ಲೆಂಡಿನಲ್ಲಿ 41 ಕಂಪೆನಿಗಳು ಹುಟ್ಟಿದವು. ಒಟ್ಟು ಬಂಡವಾಳ ಸುಮಾರು ಐವತ್ತು ಲಕ್ಷ ಪೌಂಡು. ಅವುಗಳಲ್ಲಿ ಹೆಚ್ಚಿನವು ಕಣ್ಣಿಟ್ಟದ್ದು ಈ ವಯನಾಡಿನ ಮೇಲೆ. ದೇವಾಲದ ಪಕ್ಕದ ಪಂದಲೂರಿನಲ್ಲಿ ದೊರೆಗಳಿಗೆಂದು ಕುದುರೆ ಓಟದ ಮೈದಾನವೂ ಆಯಿತು.

ಬ್ಯಾಂಕಿನವನಾದ್ದರಿಂದ ಮುಂದಿನದನ್ನು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಕೂಡಿದ ಹಣದಲ್ಲಿ ದೊಡ್ಡ ಪಾಲು ಗಣಿಗೆ ಹೋಗಲೇ ಇಲ್ಲ. ರೋಗ ಬಿದ್ದ ಕಾಫಿ ತೋಟಗಳನ್ನು ಚಿನ್ನದ ಬೆಲೆಗೆ ಕೊಂಡದ್ದರಲ್ಲಿ, ಮಾರಿದವರ ಮತ್ತು ನಡುವಿನವರ ಕಿಸೆಗೆ ಹೋಯಿತು. ಕಲ್ಲು ಕುಟ್ಟುವ ಯಂತ್ರಗಳು ಮಾತ್ರ ನಿಜವಾಗಿ ಬಂದವು. ನಮ್ಮ ಒನಕೆಯನ್ನೇ ಕಬ್ಬಿಣದಲ್ಲಿ ಮಾಡಿ ಸಾಲಾಗಿ ನಿಲ್ಲಿಸಿದರೆ ಹೇಗೋ ಹಾಗೆ. ನೀರಿನ ಚಕ್ರವೋ ಉಗಿಯಂತ್ರವೋ ಅವನ್ನು ಎತ್ತಿ ಎತ್ತಿ ಬೀಳಿಸುತ್ತದೆ. ಬೆಣಚುಕಲ್ಲು ಪುಡಿಯಾಗಿ ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಯುತ್ತದೆ. ಚಿನ್ನ ಪಾದರಸಕ್ಕೆ ಅಂಟುತ್ತದೆ, ಕಲ್ಲಿನ ಹಿಟ್ಟು ಹರಿದು ಹೋಗುತ್ತದೆ. ಅಂಟಿದ್ದನ್ನು ಕೆರೆದು ಕಾಸಿದರೆ ಪಾದರಸ ಹೊಗೆಯಾಗಿ, ಚಿನ್ನ ಉಳಿಯುತ್ತದೆ. ಪಾಲುಪತ್ರದಲ್ಲಿ ಟನ್ನಿಗೆ ಔನ್ಸುಗಳ ಲೆಕ್ಕ ಬರೆದಿತ್ತು. ಒಂದು ಔನ್ಸೆಂದರೆ 31 ಗ್ರಾಂ. ಯಂತ್ರ ತಿರುಗಿಸಿ ನೋಡಿದರೆ ಟನ್ನಿಗೆ ಕೆಲವೇ ಗ್ರಾಂ. ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಯಂತ್ರಗಳನ್ನು ಇಳಿಸುವ ಬಾಡಿಗೆಯೂ ಗಿಟ್ಟದೆಂದು ಕಾಡಿನಲ್ಲೇ ಬಿಟ್ಟುಹೋದರು. 1901ರಲ್ಲಿ ಭೂವಿಜ್ಞಾನ ಇಲಾಖೆಯ ಹೇಡನ್ ಮತ್ತು ಹ್ಯಾಚ್ ಇನ್ನೊಮ್ಮೆ ಬಂದು ನೋಡಿ, ಆಸೆ ಇಡಬೇಡಿ ಎಂಬ ಅರ್ಥದ ವರದಿ ಬರೆದರು.

ದೇವಾಲದ ಚಹಾ ಅಂಗಡಿಯಲ್ಲಿ ಗಣಿಯ ವಿಷಯ ಎತ್ತಿದಾಗ ಮಾತು ನಿಂತಿತು. ಪೊಲೀಸಿನವನೋ ಅರಣ್ಯ ಇಲಾಖೆಯವನೋ ಎಂದು ನೋಡಿದರು. ನಾನು ಗುಂಡಿನ ಕಥೆ ಹೇಳಿದ ಮೇಲೆ ಒಬ್ಬ ಹುಡುಗ ಎದ್ದು ಬಂದ. ಇಪ್ಪತ್ತೈದರ ಒಳಗಿನವನು. ಅವನ ತಾತ ಸಿಲೋನಿನಿಂದ ಬಂದವರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಬಂದ ಸಾವಿರಾರು ಕುಟುಂಬಗಳಲ್ಲಿ ಒಂದು. ಸರಕಾರದ ಚಹಾ ತೋಟದಲ್ಲಿ ಕೆಲಸ ಕೊಟ್ಟರು. ಅವನು ಮುಂದೆ, ನಾನು ಹಿಂದೆ, ಚಹಾ ತೋಟದ ನಡುವೆ ಹತ್ತಿದೆವು.

ತೋಟ ಮುಗಿದು ಲಂಟಾನದ ಪೊದೆ ಶುರುವಾಯಿತು. ಒಂದು ಕಡೆ ಕಗ್ಗಲ್ಲಿನ ಗೋಡೆ ಎದೆಯೆತ್ತರ ನಿಂತಿತ್ತು. ಮೇಲ್ಭಾಗದಲ್ಲಿ ನನ್ನ ಮುಂಗೈ ದಪ್ಪದ ಎರಡು ಬೋಲ್ಟು ತುಕ್ಕು ಹಿಡಿದು ನೆಟ್ಟಗೆ ನಿಂತಿದ್ದವು. ಇದರ ಮೇಲೆ ಯಂತ್ರ ಇತ್ತಂತೆ ಎಂದ ಹುಡುಗ. ಯಂತ್ರ ಎಲ್ಲಿ? “ಗುಜರಿಯವರು ಬಿಡುತ್ತಾರಾ ಸಾರ್? ನಮ್ಮ ತಾತ ಬರುವ ಹೊತ್ತಿಗೇ ಮುಕ್ಕಾಲು ಹೋಗಿತ್ತು.” ಆ ಬೋಲ್ಟನ್ನು ಮುಟ್ಟಿ ನೋಡಿದೆ. ಅಜ್ಜ ಹೊತ್ತದ್ದು ಇದನ್ನೇ ಎಂದು ಹೇಳಲಾರೆ; ಗಾಡಿಗಳು ನೂರಾರು ಬಂದಿದ್ದವು, ನಿಲಂಬೂರಿನ ಕಡೆಯ ಕಾರ್ಕೂರು ಘಟ್ಟದಿಂದಲೂ ಬಂದಿದ್ದವು. ಆದರೂ ಅಷ್ಟು ಭಾರದ ಕಬ್ಬಿಣವನ್ನು ಒಂದು ಜೋಡಿ ಎತ್ತು ಅಲ್ಲಿಗೆ ಎಳೆದು ತಂದದ್ದು ನಿಜವೆಂದು ಕೈಗೆ ಗೊತ್ತಾಯಿತು.

ಸ್ವಲ್ಪ ಮೇಲೆ ಗುಡ್ಡದ ಬದಿಯಲ್ಲಿ ಒಂದು ಸುರಂಗ. ಬಾಗಿಲಿಗೆ ಜರೀಗಿಡಗಳ ಪರದೆ. ಬಗ್ಗಿ ಒಳಗೆ ಹೋದರೆ ಕಣಕಾಲು ಮುಳುಗುವ ತಣ್ಣೀರು. ಹುಡುಗ ಟಾರ್ಚು ಬಿಟ್ಟ. ಗೋಡೆಯ ಮೇಲೆ ಉಳಿಯ ಏಟಿನ ಗುರುತುಗಳು, ಒಂದರ ಪಕ್ಕ ಒಂದು, ಮೊನ್ನೆ ಹೊಡೆದ ಹಾಗೆ. ಅವುಗಳ ನಡುವೆ ಅಡ್ಡಲಾಗಿ ಗೇಣಗಲದ ಬಿಳಿಯ ಬೆಣಚಿನ ಪಟ್ಟೆ. ಹೊಳೆಯುವುದೇನೂ ಇಲ್ಲ. ಬೆಣಚಿನಲ್ಲಿ ಚಿನ್ನ ಕಣ್ಣಿಗೆ ಕಾಣುವುದೇ ಅಪರೂಪವೆಂದು ಓದಿದ್ದೆ. ಹತ್ತು ಹದಿನೈದು ಹೆಜ್ಜೆ ಹೋದಾಗ ಬಾವಲಿಗಳು ತಲೆಯ ಮೇಲೆ ಹಾದವು. ಅಲ್ಲಿಂದ ಮುಂದೆ ಬೇಡ ಎಂದ ಹುಡುಗ. ನನಗೂ ಬೇಕಿರಲಿಲ್ಲ.

ಹೊರಗೆ ಬಂದು, ಎತ್ತರದಿಂದ ಕಣಿವೆ ನೋಡೋಣವೆಂದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಹುಡುಗ ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದ. ನನ್ನ ಕಾಲ ಮುಂದೆ ಹುಲ್ಲು, ಬಳ್ಳಿ ಹೆಣೆದುಕೊಂಡು ಚಾಪೆಯಾಗಿತ್ತು. ಅವನು ಒಂದು ಕಲ್ಲೆತ್ತಿ ಅದರ ಮೇಲೆ ಹಾಕಿದ. ಕಲ್ಲು ಚಾಪೆಯನ್ನು ಹರಿದು ಮಾಯವಾಯಿತು. ಒಂದು, ಎರಡು, ಮೂರು ಎಣಿಸಿದ ಮೇಲೆ ನೀರಿನ ಸದ್ದು ಕೇಳಿತು. ನಾನು ಅಲ್ಲೇ ಕುಳಿತುಬಿಟ್ಟೆ. ಮಗಳ ಮದುವೆ, ಅವ್ವನಿಗೆ ಹೇಳಿದ ಸುಳ್ಳು, ಎಲ್ಲ ಒಟ್ಟಿಗೆ ನೆನಪಾಯಿತು. ಗೂಡಲೂರಿನ ಶಾಖೆಗೆ ಹೋದವನನ್ನು ದೇವಾಲದ ಬಾವಿಯಲ್ಲಿ ಯಾರು ಹುಡುಕುತ್ತಿದ್ದರು?

ಹುಡುಗನೂ ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಸಾಸಿವೆಯಷ್ಟು ಒಂದು ಕಾಳು. ಮಾಸಲು ಹಳದಿ. ರಾತ್ರಿ ಹೊತ್ತು ಇಂಥ ಹೊಂಡಗಳಿಗೆ ಹಗ್ಗದಲ್ಲಿ ಇಳಿದು, ಹಳಬರು ಬಿಟ್ಟ ಕಲ್ಲನ್ನು ಚೀಲದಲ್ಲಿ ತಂದು, ಮನೆಯಲ್ಲಿ ಕುಟ್ಟಿ, ಪಾದರಸ ಹಾಕಿ ತೆಗೆಯುತ್ತಾರಂತೆ. ಇದು ಅವನ ಅಣ್ಣ ತೆಗೆದದ್ದು. ಅಣ್ಣ ಈಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗಿದ್ದಾನೆ. ಹೊಂಡದಲ್ಲಿ ಮಣ್ಣು ಕುಸಿದು ಜೊತೆಗಾರನೊಬ್ಬ ಸತ್ತ ಮೇಲೆ ಹೋದ. ದೇವಾಲದ ಹೊಂಡಗಳಲ್ಲಿ ಹೀಗೆ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ಹೊಂಡಗಳನ್ನು ಮುಚ್ಚಿಸುತ್ತಾರೆ, ಅಗೆದವರನ್ನು ಹಿಡಿಯುತ್ತಾರೆ, ಮತ್ತೆ ಯಾರೋ ಇಳಿಯುತ್ತಾರೆ.

“ಇದನ್ನು ಬ್ಯಾಂಕಿನಲ್ಲಿ ಇಟ್ಟುಕೊಳ್ಳುತ್ತೀರಾ ಸಾರ್?” ಎಂದು ಕೇಳಿದ. ಒಡವೆಯಾಗದ ಚಿನ್ನಕ್ಕೆ ನಾವು ಸಾಲ ಕೊಡುವುದಿಲ್ಲ ಎಂದೆ. ಅದು ನಿಯಮ. ಆಮೇಲೆ, ಪಾದರಸವನ್ನು ಒಲೆಯ ಮೇಲೆ ಕಾಸುವಾಗ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದೆ. “ಅಮ್ಮ” ಎಂದ. ಆ ಹೊಗೆ ಕಣ್ಣಿಗೆ ಕಾಣದೆ ಮೈಯೊಳಗೆ ಸೇರಿ ನರಗಳನ್ನು ಕೆಡಿಸುತ್ತದೆ, ಹೊಳೆಗೆ ಚೆಲ್ಲಿದ್ದು ಮೀನಿನ ಮೂಲಕ ಮತ್ತೆ ಊಟಕ್ಕೆ ಬರುತ್ತದೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಅವನು ಪೊಟ್ಟಣ ಮಡಿಸಿ ಕಿಸೆಗೆ ಹಾಕಿಕೊಂಡ. ಏನೂ ಹೇಳಲಿಲ್ಲ.

ಇಳಿದು ಬರುವಾಗ ತೋಟದ ಅಂಚಿನಲ್ಲಿ ಸೌದೆ ಹೊತ್ತ ಮುದುಕಿಯೊಬ್ಬಳು ಎದುರಾದಳು. ಕಾಟ್ಟುನಾಯಕರವಳು. ಅವರ ಮಾತು ನಮ್ಮ ಮಾತಿಗೆ ತೀರ ಹತ್ತಿರದ್ದು. ಹುಡುಗನ ತಮಿಳಿಗೆ ಅವಳು ತಮಿಳಿನಲ್ಲೇ ಉತ್ತರ ಕೊಟ್ಟಳು. ತನ್ನ ಜೊತೆಯ ಮಗುವಿಗೆ ಏನೋ ಗದರಿದಾಗ ಅದು ನನಗೆ ಅರ್ಥವಾಯಿತು. ನಾನು ನಮ್ಮ ಮನೆಯ ಕನ್ನಡದಲ್ಲಿ, “ಅಜ್ಜೀ, ಮೊದಲು ಇಲ್ಲಿ ಹೊನ್ನು ತೆಗೆಯುತ್ತಿದ್ದರಾ?” ಎಂದು ಕೇಳಿದೆ. ಅವಳು ಹೊರೆ ಇಳಿಸದೆ ನನ್ನ ಮುಖ ನೋಡಿದಳು. ಹೊಳೆಯಲ್ಲಿ ತೆಗೆಯುತ್ತಿದ್ದರು, ತನ್ನ ತಾಯಿ ನೋಡಿದ್ದಳು ಎಂದಳು. ಗುಡ್ಡದಲ್ಲಿ? ಅವಳು ತಲೆಯಾಡಿಸಿದಳು, ಗುಡ್ಡವನ್ನು ಯಾಕೆ ಒಡೆಯಬೇಕು ಎಂಬಂತೆ ನನಗೆ ಕಂಡಿತು. ತಮಿಳಿನ ಪೊನ್, ಮಲಯಾಳದ ಪೊನ್ನು, ನಮ್ಮ ಹೊನ್ನು, ಎಲ್ಲವೂ ಆ ಒಂದು ದಾರಿಯಲ್ಲಿ ಓಡಾಡುತ್ತವೆ.

ರಾತ್ರಿ ಗೂಡಲೂರಿನ ವಸತಿಗೃಹದಲ್ಲಿ ಕಾಗದ ಹಿಡಿದು ಲೆಕ್ಕ ಹಾಕಿದೆ. ಹಳೆಯ ಚಟ. ಟನ್ನಿಗೆ ಮೂರು ಗ್ರಾಂ ಎಂದೇ ಇಟ್ಟುಕೊಳ್ಳೋಣ. ಘಟ್ಟದ ದಾರಿಯಲ್ಲಿ ಒಂದು ಜೋಡಿ ಎತ್ತು ಅರ್ಧ ಟನ್ನು ಎಳೆದರೆ ಹೆಚ್ಚು. ಒಂದು ಗಾಡಿ ಕಲ್ಲಿಗೆ ಒಂದೂವರೆ ಗ್ರಾಂ ಚಿನ್ನ. ಅಂದರೆ ನಮ್ಮ ಗುಂಡಿನಷ್ಟು. ಗಾಡಿಕಾರನಿಗೆ, ಉಳಿಯವನಿಗೆ, ಸೌದೆಯವನಿಗೆ, ಯಂತ್ರಕ್ಕೆ, ಲಂಡನ್ನಿನ ಪಾಲುದಾರನಿಗೆ, ಎಲ್ಲರಿಗೂ ಆ ಗುಂಡಿನಿಂದಲೇ ಬರಬೇಕು. ಮರಿಗೆಯವರ ಲೆಕ್ಕ ಬೇರೆ. ಕಲ್ಲನ್ನು ಒಡೆಯುವ ಕೆಲಸವನ್ನು ಮಳೆ, ಹೊಳೆ ಸೇರಿ ಸಾವಿರಾರು ವರ್ಷ ಪುಕ್ಕಟೆಯಾಗಿ ಮಾಡಿಕೊಟ್ಟಿದ್ದವು. ಅವರು ಹೊಳೆ ಕೊಟ್ಟಷ್ಟನ್ನು ತೆಗೆದುಕೊಂಡರು. ದೇವಾಲದಲ್ಲಿ ಚಿನ್ನ ಇತ್ತು. ಐವತ್ತು ಲಕ್ಷ ಪೌಂಡಿಗೆ ಸಾಕಾಗುವಷ್ಟು ಇರಲಿಲ್ಲ.

ಇದೇ ಕಾಲದಲ್ಲಿ ಕೋಲಾರದಲ್ಲೂ ಇದೇ ಆಟ ನಡೆದಿತ್ತು. ಅಲ್ಲಿಯೂ ಹಣ ಮುಗಿಯುತ್ತ ಬಂದು, ಮುಚ್ಚಿಬಿಡೋಣ ಎಂಬ ಮಾತು ಬಂದಿತ್ತು. ಕೊನೆಯ ಪ್ರಯತ್ನದಲ್ಲಿ ಚಾಂಪಿಯನ್ ಎಂಬ ಸಿರೆ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು, ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, ನಮ್ಮ ಸೀಮೆಗಳಿಂದ ಹೋದ ತಮಿಳರು ಅಲ್ಲಿ ಒಂದು ಊರನ್ನೇ ಕಟ್ಟಿದರು. 2001ರ ಫೆಬ್ರವರಿ 28ರಂದು ಅದೂ ಮುಚ್ಚಿತು. ಆ ಹೊತ್ತಿಗೆ ಅಲ್ಲಿಯ ಕಲ್ಲಿನಲ್ಲಿ ಸಿಗುತ್ತಿದ್ದದ್ದು ಟನ್ನಿಗೆ ಸುಮಾರು ಮೂರು ಗ್ರಾಂ. ಕೋಲಾರ ನೂರಿಪ್ಪತ್ತು ವರ್ಷದ ಮೇಲೆ ಬಂದು ನಿಂತ ಜಾಗದಲ್ಲಿ ದೇವಾಲ ಮೊದಲ ದಿನವೇ ನಿಂತಿತ್ತು. ಕನ್ನಡದ ನೆಲದಲ್ಲಿ ಉಳಿದುಹೋದ ಆ ತಮಿಳು ಮನೆಗಳನ್ನು ನೆನೆದಾಗ, ತಮಿಳು ನೆಲದಲ್ಲಿ ಉಳಿದ ನಮ್ಮ ಮನೆಗಳೂ ನೆನಪಾಗುತ್ತವೆ. ಬಾಡಿಗೆಗೆ ಹೋದವರು, ಕೂಲಿಗೆ ಹೋದವರು, ಕೆಲಸ ಮುಗಿದ ಮೇಲೂ ಊರು ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಮಕ್ಕಳಿಗೆ ಮಾತು ಕಲಿಸಿಕೊಂಡು ಇರುತ್ತಾರೆ.

ಸೋಮವಾರ ಸಂಜೆ ಮನೆಗೆ ಬಂದೆ. ಊಟವಾದ ಮೇಲೆ ಅವ್ವನ ಹತ್ತಿರ ಕುಳಿತು ಎಲ್ಲ ಹೇಳಿದೆ. ಒರೆಗಲ್ಲು, ಹಸಿರು ನೊರೆ, ಗೂಡಲೂರಿನ ಸುಳ್ಳು, ಹುಲ್ಲಿನ ಬಾವಿ, ಯಾವುದನ್ನೂ ಬಿಡಲಿಲ್ಲ. ನನ್ನ ಊಹೆಯನ್ನೂ ಹೇಳಿದೆ: ಬಾಡಿಗೆ ಸಿಗದೆ ಹೊರಟ ಅಜ್ಜ ಬಿಟ್ಟುಹೋದ ಯಂತ್ರದ ಯಾವುದೋ ಹಿತ್ತಾಳೆ ಚೂರನ್ನು ಎತ್ತಿಕೊಂಡು, ದಾರಿಯಲ್ಲಿ ಯಾವನೋ ಕಂಚುಗಾರನಿಂದ ಗುಂಡು ಮಾಡಿಸಿರಬೇಕು. ಎಂಟು ತಿಂಗಳ ಮೇಲೆ ಬರಿಗೈಯಲ್ಲಿ ಹೆಂಡತಿಯ ಮುಂದೆ ಹೇಗೆ ನಿಲ್ಲುವುದು? ಊಹೆ ಅಷ್ಟೆ, ಯಾವ ಕಾಗದದಲ್ಲೂ ಇಲ್ಲ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ನಾನು ಅವಳು ಅಳುತ್ತಾಳೆಂದು ಹೆದರಿದ್ದೆ. ಅವಳಿಗೆ ಬಂದದ್ದು ಸಿಟ್ಟು.

“ನನ್ನನ್ನು ಕೇಳದೆ ಕಲ್ಲಿಗೆ ಉಜ್ಜಿಸಿದೆಯಾ?”

“ತೂಕ ನೋಡಲು ಒಯ್ದೆ ಅವ್ವಾ.”

“ತೂಕ ನೋಡೋದು ಬೇರೆ. ಅದು ನನ್ನ ಅತ್ತೆ ಕೊಟ್ಟದ್ದು. ನಲವತ್ತೊಂಬತ್ತು ವರ್ಷ ನನ್ನ ಕೊರಳಲ್ಲಿತ್ತು. ನಾನು ಒಂದು ದಿನ ಉಜ್ಜಿ ನೋಡಲಿಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಅವಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಡುವಾಗ ಅರಿಸಿನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದಳು. ಮೊಮ್ಮಗಳು ಪಕ್ಕದಲ್ಲಿದ್ದಳು. ಗುಂಡು ಅವಳ ಅಂಗೈ ಮೇಲಿತ್ತು. ಹಿತ್ತಾಳೆಯೆಂದು ಮಗಳಿಗೆ ಗೊತ್ತಾಗಿದೆಯೆಂದು ಅವಳ ಮುಖ ನೋಡಿ ತಿಳಿಯಿತು. ಒಡವೆಗಳ ಪಟ್ಟಿಯಿಂದ ಅದನ್ನು ತೆಗೆದು ಹಾಕಿದ್ದೇನೆ ಎಂದೆ. ಪಟ್ಟಿಯಿಂದ ತೆಗೆ, ಸರಕ್ಕೆ ಹಾಕುವುದು ನಾವು ನೋಡಿಕೊಳ್ಳುತ್ತೇವೆ ಎಂದಳು ಅವ್ವ. ಮಗಳು ನಕ್ಕಳು.

ನಾನು ಚಪ್ಪಲಿ ಮೆಟ್ಟುವಾಗ ಅವ್ವ ಮತ್ತೆ ಕರೆದಳು.

“ಅಲ್ಲ ಕಣಪ್ಪಾ, ಅಷ್ಟು ದೂರ ಹೋಗಿದ್ದೆಯಲ್ಲ. ಆ ಘಟ್ಟ ಇಳಿಯುವ ದಾರಿಯಲ್ಲಿ ನೀರು ಇದೆಯಾ? ಎತ್ತಿಗೆ ಎಲ್ಲಿ ನೀರು ಕುಡಿಸುತ್ತಿದ್ದರು?”

ನಾನು ಸುರಂಗ ನೋಡಿದ್ದೆ, ಬೋಲ್ಟು ನೋಡಿದ್ದೆ, ಬೆಣಚಿನ ಪಟ್ಟೆ ನೋಡಿದ್ದೆ. ಟನ್ನು, ಗ್ರಾಂ, ಪೌಂಡಿನ ಲೆಕ್ಕ ಹಾಕಿದ್ದೆ. ಎತ್ತು ಎಲ್ಲಿ ನೀರು ಕುಡಿಯಿತೆಂದು ನೋಡಿರಲಿಲ್ಲ. ನೋಡಲಿಲ್ಲ ಅವ್ವಾ ಎಂದೆ. ಮದುವೆ ಮುಗಿಯಲಿ, ಮಳೆಗಾಲಕ್ಕೆ ಮೊದಲು ಒಂದು ಸಲ ಕರೆದುಕೊಂಡು ಹೋಗು, ನಾನೇ ನೋಡುತ್ತೇನೆ ಎಂದಳು.